ಕುದ್ರುವಿನಲ್ಲಿ ಕೂತು ನಕ್ಷತ್ರ ನೋಡಿ

ಕೇಳುಗರಿಗೆ ನಮಸ್ಕಾರ.

ನಕ್ಷತ್ರ ನೋಡಲು ಎಲ್ಲಿಗೆ ಹೋಗಬೇಕು ಎಂದು ನನ್ನನ್ನು ಕೇಳುವವರು ಜಾಸ್ತಿ. ಕೊಡಚಾದ್ರಿಗಾ, ಕುದುರೆಮುಖಕ್ಕಾ, ಲಡಾಖಿನ ಹಾನ್ಲೆಗಾ? ಘಟ್ಟದ ಮೇಲಿನವರು, ಬೆಂಗಳೂರಿನವರು ಕೇಳಲಿ, ಪರವಾಗಿಲ್ಲ. ಆದರೆ ಕುಂದಾಪುರ, ಗಂಗೊಳ್ಳಿ, ಬ್ರಹ್ಮಾವರದ ಕಡೆಯ ಕುದ್ರುಗಳಲ್ಲಿ, ಅಂದರೆ ಹೊಳೆ ನಡುವಿನ ದ್ವೀಪಗಳಲ್ಲಿ, ಇರುವವರೂ ಇದನ್ನೇ ಕೇಳಿದರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ನಿಮ್ಮ ಸುತ್ತ ಹೊಳೆ, ಪಡುವಣಕ್ಕೆ ಕಡಲು. ಕಡಲಿಗೆ ಯಾರೂ ಬೀದಿದೀಪ ಹಾಕಿಲ್ಲ, ಅಲ್ವಾ?

ಹಾಗಾಗಿ ದೂರ ಹೋಗಬೇಡಿ. ಒಂದೇ ಒಂದು ದೀಪವೂ ಕಣ್ಣಿಗೆ ನೇರ ಬೀಳದ ಜಾಗ ಹುಡುಕಿ. ಇವತ್ತು ನಾನು ಹೇಳಲು ಬಂದದ್ದು ಇಷ್ಟೇ.

ಯಾಕೆ? ಕತ್ತಲೆಗೆ ಹೊಂದಿಕೊಳ್ಳಲು ನಮ್ಮ ಕಣ್ಣಿಗೆ 20ರಿಂದ 30 ನಿಮಿಷ ಬೇಕು. ಕಣ್ಣಿನ ಒಳಪರದೆಯಲ್ಲಿ ರೊಡಾಪ್ಸಿನ್ ಎಂಬ ವಸ್ತುವಿದೆ. ಅದು ಕತ್ತಲಲ್ಲಿ ನಿಧಾನವಾಗಿ ತುಂಬಿಕೊಳ್ಳುತ್ತದೆ. ನಡುವೆ ಯಾರೋ ಮೊಬೈಲ್ ತೆರೆದರೋ, ಮುಗಿಯಿತು. ಮತ್ತೆ ಮೊದಲಿಂದ ಕಾಯಬೇಕು. ಕಾಯುವುದಕ್ಕೆ ತಾಳ್ಮೆ ಇಲ್ಲದವರು ನಕ್ಷತ್ರವೇ ಇಲ್ಲ ಎಂದು ಹೇಳಿ ಮನೆಗೆ ಹೋಗುತ್ತಾರೆ.

ಒಂದು ಪ್ರಸಂಗ ಹೇಳಲೇಬೇಕು. ಗಂಗೊಳ್ಳಿ ಕಡೆಯ ಒಂದು ಕುದ್ರುವಿನ ಯುವಕರು ನನ್ನನ್ನು ಆಕಾಶ ತೋರಿಸಲು ಕರೆದಿದ್ದರು. ಜನವರಿ ತಿಂಗಳು, ಅಮಾವಾಸ್ಯೆ ಹತ್ತಿರ, ಮೋಡದ ಸುಳಿವಿಲ್ಲ. ದುರ್ಬೀನು ಹೊತ್ತು ದೋಣಿ ಇಳಿದರೆ ಅಂಗಳ ತುಂಬ ಬೆಳಕು! ದೂರದಿಂದ ಬಂದ ಮಾಷ್ಟ್ರಿಗೆ ತೊಂದರೆ ಆಗಬಾರದು ಎಂದು ಪಾಪ ಎರಡು ಫೋಕಸ್ ಲೈಟ್ ಕಟ್ಟಿಸಿದ್ದಾರೆ. ಶಾಮಿಯಾನ, ಮೈಕು, ಬಂದವರಿಗೆಲ್ಲ ಗೋಳಿಬಜೆ, ಚಾ. ಶಾಮಿಯಾನದ ಕೆಳಗೆ ಕೂತು ಆಕಾಶ ನೋಡುವುದು ಹೇಗೆ ಎಂದು ಯಾರೂ ಯೋಚಿಸಿರಲಿಲ್ಲ.

ನಾನು ಮೆಲ್ಲಗೆ ದೀಪ ಆರಿಸಬಹುದಾ ಎಂದು ಕೇಳಿದೆ. ಚಾ ಕೊಡುತ್ತಿದ್ದ ಅಕ್ಕ ಒಬ್ಬರು ನಿಂತರು. "ಮಾಷ್ಟ್ರೇ, ಲೈಟ್ ಇಲ್ದಿರೆ ನಿಮ್ ದುರ್ಬೀನಂಗೆ ಎಂತದಾರೂ ಕಾಂತಾ?" ಎಂದರು. ಎಲ್ಲರೂ ನಕ್ಕರು. ಆದರೆ ಅವರ ಸಂಶಯ ಎಲ್ಲರಲ್ಲೂ ಇತ್ತು, ಬಾಯಿಬಿಟ್ಟು ಕೇಳಿದ್ದು ಅವರೊಬ್ಬರೇ.

ಫೋಕಸ್ ಲೈಟ್ ಆರಿತು. ಬೀದಿದೀಪ ಆರಲಿಲ್ಲ. ಅದರ ಪೆಟ್ಟಿಗೆಗೆ ಬೀಗ. ಬೀಗದ ಕೈ ಇಟ್ಟುಕೊಂಡವರು ಹೊಳೆಯಾಚೆ ಬಯಲಾಟ ನೋಡಲು ಹೋಗಿದ್ದಾರೆ! ಫೋನು ಮಾಡಿದರೆ ಚೆಂಡೆಯ ಸದ್ದಿಗೆ ಅವರಿಗೆ ಏನೂ ಕೇಳಿಸುವುದಿಲ್ಲ. ಒಬ್ಬರು ದೀಪಕ್ಕೆ ಗೋಣಿ ಕಟ್ಟೋಣ ಎಂದರು, ಇನ್ನೊಬ್ಬರು ಏಣಿ ತರಲು ಹೊರಟರು, ಮತ್ತೊಬ್ಬರು ಕತ್ತಲಾದರೆ ಹಾವು ಬರುತ್ತದೆ ಎಂದು ಅಡ್ಡ ಬಂದರು. ಚರ್ಚೆ ಗ್ರಾಮಸಭೆಯ ಹಾಗೆ ನಡೆಯಿತು. ಕೊನೆಗೆ ಸುಮ್ನೆ ಕೂತಿದ್ದ ಒಬ್ಬ ಅಜ್ಜ, ದೋಣಿ ಶೆಡ್ಡಿನ ಹಿಂದೆ ಹೋಗಿ ಕೂರಿ, ಅಲ್ಲಿಗೆ ಲೈಟು ಬೀಳುವುದಿಲ್ಲ ಎಂದರು.

ಹೋದೆವು. ಅಂಗಳದಿಂದ ಕೂಗಿದರೆ ಕೇಳಿಸುವಷ್ಟು ದೂರ, ಅಷ್ಟೇ. ಹಿಂದೆ ಗೋಡೆ, ಮುಂದೆ ಹೊಳೆ. ಮೊಬೈಲುಗಳನ್ನೆಲ್ಲ ಒಂದು ಬುಟ್ಟಿಗೆ ಹಾಕಿಸಿದೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಕೃತ್ತಿಕೆಯ ಗೊಂಚಲಲ್ಲಿ ಆರು ನಕ್ಷತ್ರ ಎಣಿಸಿದವರಿದ್ದರು, ಏಳು ಎಂದು ಜಗಳಕ್ಕೆ ಬಂದವರೂ ಇದ್ದರು. ಮಹಾವ್ಯಾಧ, ಅಂದರೆ ಒರಾಯನ್ ನಕ್ಷತ್ರಪುಂಜದ ನಡುಪಟ್ಟಿಯ ಕೆಳಗೆ ಏನೋ ಮಸುಕಾಗಿದೆ ಎಂದು ಒಬ್ಬ ಹುಡುಗ ತಾನಾಗಿಯೇ ಹೇಳಿದ. ಅದು ಹೊಸ ನಕ್ಷತ್ರಗಳು ಹುಟ್ಟುವ ಮೋಡ, ಸುಮಾರು 1,300 ಬೆಳಕಿನ ವರ್ಷ ದೂರ. ಬರಿಗಣ್ಣಿಗೆ ಕಂಡಿತ್ತು! ದುರ್ಬೀನು ಇನ್ನೂ ಪೆಟ್ಟಿಗೆಯಲ್ಲೇ ಇತ್ತು. ಬೀದಿದೀಪವೂ ಉರಿಯುತ್ತಲೇ ಇತ್ತು. ಅದು ನಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಕತೆಯೇ ಜಾಸ್ತಿ ಸಮಯ ತಿಂದಿತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ಊರಿನ ಬೆಳಕು, ಹೆದ್ದಾರಿಯ ಬೆಳಕು ಹೆಚ್ಚಾಗಿ ನಿಮಗೆ ಮೂಡಣಕ್ಕಿದೆ. ಹಾಗಾಗಿ ಕುದ್ರುವಿನ ಪಡುವಣ ತುದಿಗೆ ಹೋಗಿ. ದಕ್ಷಿಣ ದಿಕ್ಕು ತೆರೆದಿರಲಿ. ಬಂದರಿನ ಹೈಮಾಸ್ಟ್ ದೀಪ ಕಂಡರೆ ಒಂದು ತೆಂಗಿನಮರದ ಮರೆಗೆ ಸರಿಯಿರಿ, ಸಾಕು. ಸೇಂಟ್ ಮೇರೀಸ್ ದ್ವೀಪದ ಬಗ್ಗೆ ಕೇಳಬೇಡಿ. ಅಲ್ಲಿ ರಾತ್ರಿ ಉಳಿಯಲು ಬಿಡುವುದಿಲ್ಲ.

ನವೆಂಬರ್ ಕೊನೆಯಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಅಮಾವಾಸ್ಯೆಯ ಆಚೀಚೆ ನಾಲ್ಕೈದು ದಿನ ನೋಡಿಕೊಳ್ಳಿ. ಅದೇ ದಿನಗಳಲ್ಲಿ ಉಬ್ಬರವೂ ಜೋರಿರುತ್ತದೆ. ಮರಳದಿಣ್ಣೆಯ ಮೇಲೆ ಚಾಪೆ ಹಾಸುವವರಿಗೆ ಈ ಮಾತು. ನೀರಿನ ಲೆಕ್ಕ ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಟಾರ್ಚಿಗೆ ಕೆಂಪು ಕಾಗದ ಸುತ್ತಿ. ಮಂದವಾದ ಕೆಂಪು ಬೆಳಕು ಕಣ್ಣನ್ನು ಅಷ್ಟಾಗಿ ಕೆಡಿಸುವುದಿಲ್ಲ. ಹಾವಿನ ಭಯಕ್ಕೂ ಅದೇ ಪರಿಹಾರ. ದೊಡ್ಡ ದುರ್ಬೀನು ಕೊಳ್ಳಲು ಓಡಬೇಡಿ.

ಫೆಬ್ರುವರಿಯಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ ದಕ್ಷಿಣಕ್ಕೆ ನೋಡಿ. ಕೆಳಗೆ ಹೊಳೆಯುವುದು ಅಗಸ್ತ್ಯ, ಆಕಾಶದ ಎರಡನೇ ಪ್ರಕಾಶಮಾನ ನಕ್ಷತ್ರ. ಇಂಗ್ಲಿಷ್ ಕಾಲುವೆಯಲ್ಲಿ ಸಾರ್ಕ್ ಎಂಬ ಪುಟ್ಟ ದ್ವೀಪವಿದೆ. ಅಲ್ಲಿ ಬೀದಿದೀಪಗಳಿಲ್ಲ, ಕಾರುಗಳೂ ಇಲ್ಲ. ಅಲ್ಲಿನ ಜನ ತಮ್ಮ ಮನೆ, ಅಂಗಡಿಗಳ ದೀಪಗಳನ್ನೂ ಬೆಳಕು ಮೇಲೆ ಹೋಗದ ಹಾಗೆ ಸರಿಮಾಡಿಕೊಂಡರು. 2011ರಲ್ಲಿ ಅದು ಜಗತ್ತಿನ ಮೊದಲ ಕತ್ತಲ ಆಕಾಶದ ದ್ವೀಪ ಎಂಬ ಮನ್ನಣೆ ಪಡೆಯಿತು. ಆದರೆ ಅವರಿಗೆ ಅಗಸ್ತ್ಯ ಹುಟ್ಟುವುದೇ ಇಲ್ಲ, ಅಷ್ಟು ಉತ್ತರದಲ್ಲಿದ್ದಾರೆ. ನಿಮ್ಮ ಮನೆಯ ಹಿಂದೆ ಅದು ಬಿಟ್ಟಿಯಾಗಿ ಮೂಡುತ್ತದೆ, ನೀವು ಹಾನ್ಲೆಯ ಟಿಕೆಟ್ ದರ ವಿಚಾರಿಸುತ್ತೀರಿ!

ಪಂಚಾಯತಿಯವರು ಕೇಳುತ್ತಿದ್ದರೆ ಒಂದು ವಿನಂತಿ. ದೀಪ ತೆಗೆಯಿರಿ ಎಂದು ನಾನು ಹೇಳುತ್ತಿಲ್ಲ. ದೀಪದ ಮೇಲೊಂದು ತಗಡಿನ ಮುಚ್ಚಿಗೆ ಹಾಕಿಸಿ, ಬೆಳಕು ದಾರಿಗೆ ಬೀಳಲಿ. ಕರಾವಳಿಯ ಗಾಳಿಯಲ್ಲಿ ತೇವ ಜಾಸ್ತಿ, ಮೇಲೆ ಹೋದ ಬೆಳಕೆಲ್ಲ ಅಲ್ಲೇ ಚದುರುತ್ತದೆ. ಬಿಳಿ ಎಲ್‌ಇಡಿಯ ಬದಲು ಹಳದಿ ದೀಪ ಹಾಕಿದರೆ ಇನ್ನೂ ಒಳ್ಳೆಯದು. ಮತ್ತೆ, ಆ ಪೆಟ್ಟಿಗೆಯ ಬೀಗದ ಕೈ ಇನ್ನೊಬ್ಬರ ಹತ್ತಿರವೂ ಒಂದು ಇರಲಿ.

ನಮಸ್ಕಾರ.