ಕೊನೇ ದಿನದ ಆ ಸಿನಿಮಾ ಯಾರದ್ದು?

ನಮಸ್ಕಾರ. ಏಪ್ರಿಲ್ ಬಂತು ಅಂದರೆ ಬೆಂಗಳೂರಿನ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪುಗಳಿಗೆ ಬೇಸಿಗೆ ಶಿಬಿರಗಳ ಪೋಸ್ಟರ್ ಒಂದರ ಹಿಂದೆ ಒಂದು ಬಂದು ಬೀಳುತ್ತದೆ. ಈಜು, ಚೆಸ್, ವೇದ ಗಣಿತ, ರೋಬೋಟ್. ಈಗ ಆ ಸಾಲಿಗೆ ಇನ್ನೊಂದು ಸೇರಿದೆ. ‘ನಿಮ್ಮ ಮಗು ಹತ್ತೇ ದಿನದಲ್ಲಿ ಫಿಲ್ಮ್ ಮೇಕರ್!’ ಪೋಸ್ಟರಿನಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು, ಕೈಯಲ್ಲಿ ಮೆಗಾಫೋನ್ ಹಿಡಿದು, ಕುರ್ಚಿ ಮೇಲೆ ಕೂತ ಒಂದು ಮಗು. ಮೆಗಾಫೋನ್ ಹಿಡಿಯುವ ನಿರ್ದೇಶಕರು ಈಗ ಯಾವ ಸೆಟ್ಟಿನಲ್ಲಿ ಸಿಗುತ್ತಾರೋ ಗೊತ್ತಿಲ್ಲ. ಇರಲಿ.

ಮೊದಲೇ ಹೇಳಿಬಿಡುತ್ತೇನೆ, ಮಕ್ಕಳಿಗೆ ಸಿನಿಮಾ, ಟೀವಿ ಕೆಲಸ ಕಲಿಸಬೇಕು ಅನ್ನುವವನೇ ನಾನು. ದಿನಾ ಬೆಳಗಿನಿಂದ ರಾತ್ರಿವರೆಗೆ ವೀಡಿಯೋ ನೋಡುವ ಮಕ್ಕಳಿಗೆ ಅದು ಹೇಗೆ ತಯಾರಾಗುತ್ತದೆ ಅಂತ ಗೊತ್ತಿರಬೇಕು, ಅಲ್ವಾ? ನನ್ನ ತಕರಾರು ಶಿಬಿರದ ಕೊನೇ ದಿನ ತೋರಿಸುವ ಸಿನಿಮಾದ ಬಗ್ಗೆ.

ಅಂಥ ಪ್ರದರ್ಶನಗಳನ್ನು ನೋಡಿದ್ದೇನೆ. ಹಾಲ್ ತುಂಬಾ ಅಪ್ಪ ಅಮ್ಮ, ಅಜ್ಜಿ ತಾತ. ಪರದೆಯ ಮೇಲೆ ಏಳೆಂಟು ನಿಮಿಷದ ಸಿನಿಮಾ. ಶುರುವಿನಲ್ಲಿ ಡ್ರೋನ್ ಶಾಟ್. ಆಮೇಲೆ ಪಿಟೀಲು. ಕತೆ ಬಹಳ ಸಲ ಒಂದೇ: ಮಗುವಿಗೆ ಮೊಬೈಲ್ ಚಟ, ತಾತ ಬುದ್ಧಿ ಹೇಳುತ್ತಾರೆ, ಮಗು ಮೈದಾನಕ್ಕೆ ಓಡುತ್ತದೆ. ಮೊಬೈಲ್ ಚಟದ ವಿರುದ್ಧ ಮೊಬೈಲಿನಲ್ಲೇ ತೆಗೆದ ಸಿನಿಮಾ! ಎಲ್ಲಾ ನೀಟಾಗಿರುತ್ತದೆ. ಕಟ್‌ಗಳು ಸರಿಯಾಗಿ ಕೂತಿರುತ್ತವೆ, ಬಣ್ಣ ಚೆನ್ನಾಗಿರುತ್ತದೆ. ಆಮೇಲೆ ಮಕ್ಕಳನ್ನು ಕೇಳಿ ನೋಡಿ. ಕತೆ ಬರೆದವರು ಯಾರು? ಸರ್. ಕ್ಯಾಮೆರಾ? ಸರ್ ಫ್ರೆಂಡು. ಎಡಿಟಿಂಗ್? ರಾತ್ರಿ ಯಾರೋ ಮಾಡಿದರು. ಹಾಗಾದರೆ ನೀನೇನು ಮಾಡಿದೆ ಪುಟ್ಟಾ? ‘ನಾನು ಎರಡು ಸಲ ಆ್ಯಕ್ಷನ್ ಅಂದೆ.’

ನಾಟಕದ ಶಿಬಿರಗಳಲ್ಲಿ ಹೀಗೆ ಆಗುವುದು ಕಷ್ಟ. ಮೈಸೂರಿನ ರಂಗಾಯಣದ ಚಿಣ್ಣರ ಮೇಳ ನೋಡಿ. ಬೇಸಿಗೆ ರಜೆಯಲ್ಲಿ ಮಕ್ಕಳು ಅಲ್ಲಿಗೆ ಬಂದು ಹಾಡಿ, ಕುಣಿದು, ಕೊನೆಗೆ ನಾಟಕ ಆಡುತ್ತಾರೆ. ಅಲ್ಲೂ ಮೇಷ್ಟ್ರು ಇದ್ದಾರೆ, ಅಲ್ಲೂ ಪೋಷಕರು ಮುಂದಿನ ಸಾಲಿನಲ್ಲಿ ಕೂತು ಮೊಬೈಲ್ ಎತ್ತಿ ಹಿಡಿಯುತ್ತಾರೆ. ಆದರೆ ಪರದೆ ಎದ್ದ ಮೇಲೆ ಮೇಷ್ಟ್ರು ಏನೂ ಮಾಡುವಂತಿಲ್ಲ. ಮಾತು ಮರೆತರೆ ಮಗುವೇ ನೆನಪು ಮಾಡಿಕೊಳ್ಳಬೇಕು, ಇಲ್ಲವಾದರೆ ಪಕ್ಕದಲ್ಲಿರುವ ಮಗು ಹೇಳಿಕೊಡಬೇಕು. ಸಿನಿಮಾದಲ್ಲಿ ಹಾಗಲ್ಲ. ಮಕ್ಕಳು ಮಾಡಿದ ತಪ್ಪನ್ನೆಲ್ಲ ರಾತ್ರೋರಾತ್ರಿ ಎಡಿಟಿಂಗ್ ಟೇಬಲ್ ಮೇಲೆ ಅಳಿಸಿಬಿಡಬಹುದು. ಜೊತೆಗೆ ಮಕ್ಕಳೇ ಅಳಿಸಿಹೋಗುತ್ತಾರೆ.

ಇದಕ್ಕೆ ಶಿಬಿರ ನಡೆಸುವವರನ್ನಷ್ಟೇ ಬೈದರೆ ಆಗಲ್ಲ. ದುಡ್ಡು ಕೊಡುವವರು ಪೋಷಕರು. ಅವರಿಗೆ ಸ್ಟೇಟಸ್‌ಗೆ ಹಾಕಲು ಚೆಂದದ ವೀಡಿಯೋ ಬೇಕು. ಸಂಘಟಕರಿಗೆ ಅದೇ ವೀಡಿಯೋ ಮುಂದಿನ ವರ್ಷದ ಜಾಹೀರಾತು. ಇಬ್ಬರಿಗೂ ಲಾಭ. ಮೂವತ್ತು ಮಕ್ಕಳು, ಒಂದು ಕ್ಯಾಮೆರಾ, ಹತ್ತು ದಿನ. ಎಲ್ಲರೂ ನಿಜವಾಗಿ ಕೈ ಹಾಕಿದರೆ ಸಿನಿಮಾ ಕೆಡುತ್ತದೆ. ಕೆಡಲಿ ಅನ್ನುತ್ತೇನೆ ನಾನು. ಶೇಕ್ ಆಗಲಿ, ಮಾತು ಕೇಳಿಸದಿರಲಿ, ತಲೆ ಕಟ್ ಆಗಿರಲಿ. ಅದನ್ನು ಪರದೆಯ ಮೇಲೆ ನೋಡಿದ ಮಗುವಿಗೆ, ತಲೆ ಯಾಕೆ ಕಟ್ ಮಾಡಬಾರದು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಹಾಗಾದರೆ ಹತ್ತು ದಿನದಲ್ಲಿ ಏನು ಕಲಿಸಬಹುದು? ಬೇಕಾದಷ್ಟಿದೆ. ಸುಮಾರು ನೂರು ವರ್ಷದ ಹಿಂದೆ ರಷ್ಯಾದಲ್ಲಿ ಲೆವ್ ಕುಲೆಶೋವ್ ಅನ್ನುವ ನಿರ್ದೇಶಕ ಒಂದು ಪ್ರಯೋಗ ಮಾಡಿದ. ಒಬ್ಬ ನಟನ ಒಂದೇ ಮುಖದ ಪಕ್ಕ ಒಮ್ಮೆ ಸೂಪಿನ ಬಟ್ಟಲು, ಒಮ್ಮೆ ಶವಪೆಟ್ಟಿಗೆ ಜೋಡಿಸಿದ. ನೋಡಿದವರಿಗೆ ಅದೇ ಮುಖದಲ್ಲಿ ಒಮ್ಮೆ ಹಸಿವು, ಒಮ್ಮೆ ದುಃಖ ಕಂಡಿತು. ಮುಖ ಬದಲಾಗಿರಲೇ ಇಲ್ಲ. ಇದನ್ನು ಹನ್ನೆರಡು ವರ್ಷದ ಮಕ್ಕಳು ಒಂದು ಮಧ್ಯಾಹ್ನದಲ್ಲಿ ಫೋನಿನಲ್ಲಿ ಮಾಡಬಹುದು. ಗೆಳೆಯನ ಮುಖ ತೆಗೆಯಿರಿ, ನಗಬೇಡ, ಅಳಬೇಡ, ಸುಮ್ನೆ ನೋಡು ಅನ್ನಿ. ಆ ಮುಖದ ಪಕ್ಕ ಒಮ್ಮೆ ಹೋಳಿಗೆ ಹಾಕಿ, ಇನ್ನೊಮ್ಮೆ ಗಣಿತದ ಮಾರ್ಕ್ಸ್ ಕಾರ್ಡ್ ಹಾಕಿ. ಮಕ್ಕಳು ನಕ್ಕು ನಕ್ಕು ಸುಸ್ತಾಗುತ್ತಾರೆ. ಮಾರನೇ ದಿನದಿಂದ ಅವರು ಟೀವಿ ನ್ಯೂಸ್ ನೋಡುವ ರೀತಿಯೇ ಬದಲಾಗುತ್ತದೆ. ಯಾವುದೋ ಹಳೇ ಗಲಾಟೆಯ ದೃಶ್ಯ, ಅದರ ಪಕ್ಕದಲ್ಲಿ ಯಾವುದೋ ಮುಖ. ಯಾರು ಜೋಡಿಸಿದರು, ಯಾಕೆ ಜೋಡಿಸಿದರು ಅಂತ ಕೇಳಲು ಶುರು ಮಾಡುತ್ತಾರೆ. ನನಗೆ ಶಿಬಿರಗಳಿಂದ ಬೇಕಾಗಿರುವುದು ಇಷ್ಟೇ.

ಆಮೇಲೆ ಶಬ್ದ. ಇದನ್ನು ಯಾರೂ ಪೋಸ್ಟರಿನಲ್ಲಿ ಹಾಕಲ್ಲ. ಶೂಟಿಂಗ್ ಮುಗಿದ ಮೇಲೆ ಸೌಂಡ್‌ನವರು ಅದೇ ಜಾಗದಲ್ಲಿ ಅರ್ಧ ನಿಮಿಷ ಎಲ್ಲರನ್ನೂ ಸುಮ್ಮನಿರಿಸಿ ಬರೀ ಆ ಕೋಣೆಯ ಸದ್ದನ್ನು ರೆಕಾರ್ಡ್ ಮಾಡಿಕೊಳ್ಳುತ್ತಾರೆ. ರೂಮ್ ಟೋನ್ ಅನ್ನುತ್ತಾರೆ. ಎಡಿಟಿಂಗ್‌ನಲ್ಲಿ ಮಾತಿನ ನಡುವಿನ ತೂತುಗಳನ್ನು ಮುಚ್ಚಲು ಅದು ಬೇಕು. ಮೂವತ್ತು ಮಕ್ಕಳನ್ನು ಅರ್ಧ ನಿಮಿಷ ಸುಮ್ಮನಿರಿಸಿ ನೋಡಿ, ಅದೇ ಒಂದು ಸಾಹಸ. ಆಮೇಲೆ ಹೆಡ್‌ಫೋನ್ ಕೊಡಿ. ಫ್ಯಾನು, ಪಕ್ಕದ ಮನೆಯ ಮಿಕ್ಸಿ, ದೂರದ ಬಸ್ಸು, ಯಾರದೋ ಹೊಟ್ಟೆಯ ಗುರ್ ಸದ್ದು. ಖಾಲಿ ಅಂದುಕೊಂಡ ಕೋಣೆಯಲ್ಲಿ ಇಷ್ಟೆಲ್ಲ ಇತ್ತಾ ಅಂತ ಮಕ್ಕಳು ಕಣ್ಣು ಬಿಡುತ್ತಾರೆ. ಮೂವತ್ತರಲ್ಲಿ ಒಂದು ಮಗು ಆ ಹೆಡ್‌ಫೋನ್ ವಾಪಸ್ ಕೊಡಲ್ಲ ನೋಡಿ, ಆ ಮಗುವಿಗೆ ಶಿಬಿರದ ಫೀಸು ಸಾರ್ಥಕ.

ಆದರೆ ಎಲ್ಲಾ ಪೋಸ್ಟರಿನಲ್ಲೂ ಇರುವುದು ಎರಡೇ ಕನಸು. ಹೀರೋ ಅಥವಾ ಡೈರೆಕ್ಟರ್. ಒಂಬತ್ತನೇ ವಯಸ್ಸಿಗೇ ನಿರ್ದೇಶಕನಾಗಿ ಗಿನ್ನೆಸ್ ದಾಖಲೆ ಮಾಡಿದ ನಮ್ಮ ಮಾಸ್ಟರ್ ಕಿಶನ್ ಉದಾಹರಣೆಯನ್ನು ಸಂಘಟಕರು ಕೊಡುತ್ತಾರೆ. ಅದು ನಿಜವಾದ ಸಾಧನೆ, ಆದರೆ ಲಕ್ಷಕ್ಕೊಬ್ಬರ ಕತೆ. ಮೈಸೂರಿನ ವಿ. ಕೆ. ಮೂರ್ತಿಯವರ ಉದಾಹರಣೆ ಯಾಕೆ ಕೊಡಲ್ಲ? ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಕ್ಯಾಮೆರಾ ಕೆಲಸ ಕಲಿತು ಮುಂಬೈಗೆ ಹೋದವರು, ಹಿಂದಿ ನಿರ್ದೇಶಕ ಗುರುದತ್ ಸಿನಿಮಾಗಳಲ್ಲಿ ಬೆಳಕಿನ ಆಟ ತೋರಿಸಿದವರು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಿಕ್ಕಿತು. ಪರದೆಯ ಮೇಲೆ ಅವರ ಮುಖ ಯಾರಿಗೂ ಗೊತ್ತಿಲ್ಲ.

ಇನ್ನೂ ಹತ್ತಿರದ ಉದಾಹರಣೆ ಬೇಕಾ? 2024ರಲ್ಲಿ ಫ್ರಾನ್ಸ್‌ನ ಕಾನ್ ಚಿತ್ರೋತ್ಸವದ ವಿದ್ಯಾರ್ಥಿಗಳ ವಿಭಾಗದಲ್ಲಿ ಒಂದು ಕನ್ನಡ ಕಿರುಚಿತ್ರಕ್ಕೆ ಮೊದಲ ಬಹುಮಾನ ಬಂತು. ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ವನ್ಸ್ ಟು ನೋ’. ನಿರ್ದೇಶಕ ಚಿದಾನಂದ ನಾಯ್ಕ್, ಡಾಕ್ಟರ್ ಓದಿ ಆಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಹೋದವರು. ಸಿನಿಮಾ ವಿಭಾಗಕ್ಕಲ್ಲ, ಒಂದು ವರ್ಷದ ಟೀವಿ ಕೋರ್ಸಿಗೆ. ಆ ಟೀವಿ ಕೋರ್ಸಿನ ವರ್ಷಾಂತ್ಯದ ಅಭ್ಯಾಸವಾಗಿಯೇ ಈ ಚಿತ್ರ ತಯಾರಾಗಿದ್ದು. ನಿರ್ದೇಶನ, ಕ್ಯಾಮೆರಾ, ಎಡಿಟಿಂಗ್, ಸೌಂಡ್ ಕಲಿಯುವ ನಾಲ್ಕು ವಿದ್ಯಾರ್ಥಿಗಳು ಸೇರಿ ಒಂದು ಚಿತ್ರ ಮಾಡಬೇಕು. ಮೇಷ್ಟ್ರು ಎಡಿಟ್ ಮಾಡಿಕೊಡಲ್ಲ. ಕತೆ ಯಾವುದು? ಅಜ್ಜಿಯೊಬ್ಬಳು ಹುಂಜ ಕದ್ದುಕೊಂಡು ಹೋಗುತ್ತಾಳೆ, ಊರಿಗೆ ಬೆಳಗೇ ಆಗಲ್ಲ. ನಮ್ಮ ಮನೆಗಳಲ್ಲಿ ಎಲ್ಲರೂ ಕೇಳಿರುವ ಕತೆಯ ಎಳೆ. ಇತ್ತ ನಮ್ಮ ಶಿಬಿರಗಳಲ್ಲಿ ಕನ್ನಡದ ಮಕ್ಕಳು ಇಂಗ್ಲಿಷಿನಲ್ಲಿ ಸ್ಕ್ರಿಪ್ಟ್ ಬರೆದು, ಪಾತ್ರಗಳಿಗೆ ಜಾಕ್, ಎಮ್ಮಾ ಅಂತ ಹೆಸರಿಡುತ್ತಾರೆ. ಬಸವನಗುಡಿಯಲ್ಲಿ ಜಾಕ್!

ನೋಡುವುದನ್ನು ಮೊದಲು ಕಲಿಸಬೇಕು. ರುಚಿಯೇ ಗೊತ್ತಿಲ್ಲದವರ ಕೈಗೆ ಸೌಟು ಕೊಟ್ಟರೆ ಏನಾಗುತ್ತದೆ? ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರ ನಾಟಕ ಸಂಸ್ಥೆ ನೀನಾಸಂ ಎಪ್ಪತ್ತರ ದಶಕದಲ್ಲೇ ಚಿತ್ರಸಮಾಜ, ಅಂದರೆ ಫಿಲ್ಮ್ ಸೊಸೈಟಿ ಶುರು ಮಾಡಿತು. ಅಡಿಕೆ ತೋಟದ ಊರಿನ ಜನ ಸತ್ಯಜಿತ್ ರೇ, ಜಪಾನಿನ ಕುರೊಸಾವಾ ಸಿನಿಮಾ ಕೂತು ನೋಡಿದರು, ಚರ್ಚೆ ಮಾಡಿದರು. ಪುಣೆಯಿಂದ ಪ್ರೊಫೆಸರ್ ಸತೀಶ್ ಬಹದ್ದೂರ್ ಬಂದು ಸಿನಿಮಾ ಓದುವುದು ಹೇಗೆ ಅಂತ ಪಾಠ ಮಾಡಿದರು. ಹತ್ತು ದಿನದ ಶಿಬಿರದಲ್ಲಿ ಮೊದಲ ನಾಲ್ಕು ದಿನ ಕ್ಯಾಮೆರಾ ಮುಟ್ಟದೆ ಹೀಗೆ ಕಳೆದರೆ ಪೋಷಕರು ಫೀಸು ವಾಪಸ್ ಕೇಳುತ್ತಾರೇನೋ. ಕೇಳಲಿ.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಕೆಲವು ಪೋಸ್ಟರುಗಳ ಕೆಳಗೆ ‘ಸೀರಿಯಲ್‌ನಲ್ಲಿ ಅವಕಾಶ’ ಅಂತಲೂ ಇರುತ್ತದೆ. ಹದಿನಾಲ್ಕರ ಒಳಗಿನ ಮಕ್ಕಳು ನಟಿಸಬೇಕಾದರೆ ಕಾನೂನಿದೆ. 2017ರ ನಿಯಮಗಳ ಪ್ರಕಾರ ನಿರ್ಮಾಪಕರು ಜಿಲ್ಲಾ ಮ್ಯಾಜಿಸ್ಟ್ರೇಟ್ ಅನುಮತಿ ಪಡೆಯಬೇಕು. ದಿನಕ್ಕೆ 5 ಗಂಟೆಗಿಂತ ಜಾಸ್ತಿ ಕೆಲಸ ಇಲ್ಲ, ವಿರಾಮ ಇಲ್ಲದೆ 3 ಗಂಟೆ ದಾಟುವಂತಿಲ್ಲ, ಸತತ 27 ದಿನಕ್ಕಿಂತ ಜಾಸ್ತಿ ಇಲ್ಲ. ಸಂಭಾವನೆಯಲ್ಲಿ ಕನಿಷ್ಠ ಶೇ. 20ರಷ್ಟು ಮಗುವಿನ ಹೆಸರಲ್ಲೇ ಠೇವಣಿ ಇಡಬೇಕು. ಅವಕಾಶದ ಆಸೆ ತೋರಿಸುವವರ ಮುಂದೆ ಈ ನಿಯಮಗಳ ಮಾತು ತೆಗೆದು, ಮುಖ ನೋಡಿ.

ಕೊನೆಯದಾಗಿ ದುಡ್ಡಿನ ವಿಷಯ. ಇಷ್ಟೆಲ್ಲ ನಡೆಯುವುದು ಬೆಂಗಳೂರಲ್ಲಿ, ಮೈಸೂರಲ್ಲಿ, ಫೀಸು ಕೊಡಬಲ್ಲವರಿಗೆ. ರಾಯಚೂರಿನ ಸರ್ಕಾರಿ ಶಾಲೆಯ ಹುಡುಗಿಗೆ? ಅವಳ ಮನೆಯಲ್ಲೂ ಒಂದು ಫೋನಿದೆ, ಕತೆ ಹೇಳುವ ಅಜ್ಜಿಯೂ ಇರಬಹುದು. ಮೂರ್ತಿಯವರಿಗೆ ಕ್ಯಾಮೆರಾ ಕಲಿಸಿದ್ದು ಸರ್ಕಾರಿ ಪಾಲಿಟೆಕ್ನಿಕ್. ಇವತ್ತು ಹೆಸರಘಟ್ಟದಲ್ಲಿ ಸರ್ಕಾರದ್ದೇ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ ಇದೆ. ಕ್ಯಾಮೆರಾ, ಸೌಂಡ್ ಎರಡನ್ನೂ ಕಲಿಸುವ ಜಾಗ. ಬೇಸಿಗೆ ರಜೆಯಲ್ಲಿ ಜಿಲ್ಲೆಗೆ ಇಬ್ಬರು ಮಕ್ಕಳಂತೆ ಕರೆಸಿ, ಅಲ್ಲಿನ ವಿದ್ಯಾರ್ಥಿಗಳಿಂದಲೇ ಪಾಠ ಮಾಡಿಸಿದರೆ ಎಷ್ಟು ಖರ್ಚಾದೀತು? ವಾರ್ತಾ ಇಲಾಖೆ, ಶಿಕ್ಷಣ ಇಲಾಖೆಯವರು ಯಾರಾದರೂ ಇದನ್ನು ಕೇಳುತ್ತಿದ್ದರೆ, ಮುಂದಿನ ಏಪ್ರಿಲ್‌ಗೆ ಒಂದೇ ಒಂದು ಬ್ಯಾಚ್ ಮಾಡಿ ನೋಡಿ. ಡ್ರೋನ್ ಬೇಡ.