ಕುದುರೆಗೂ ಒಪ್ಪುವ ವೇಷ

(ರಾಜ್ಯೋತ್ಸವದ ಹಿಂದಿನ ದಿನ ಕೊಪ್ಪಳದಲ್ಲಿ ಆಡಿದ ಮಾತು)

ಹಿರಿಯರಿಗೆ ಶರಣು. ಅಕ್ಕ-ತಂಗಿಯರೆ, ಮಕ್ಕಳೆ,

ನಾಳೆ ಬೆಳಿಗ್ಗೆ ಮೆರವಣಿಗೆ. ಮುಂದೆ ಡೊಳ್ಳು, ನಡುವೆ ಭುವನೇಶ್ವರಿಯ ಟ್ರ್ಯಾಕ್ಟರು, ಹಿಂದೆ ಕುದುರೆ ಮೇಲೆ ಕಿತ್ತೂರು ಚೆನ್ನಮ್ಮ. ಐದನೇ ಕ್ಲಾಸಿನಿಂದ ನಲವತ್ತು ದಾಟುವ ತನಕ ಆ ಚೆನ್ನಮ್ಮ ನಾನೇ. ಕಚ್ಚೆ ಹಾಕಿ, ಡಾಬು ಬಿಗಿದು, ರಿಕಾಬಿಗೆ ಕಾಲು ಕೊಟ್ಟರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಆ ಹುಚ್ಚು ನಿಮಗೂ ಹಿಡಿಯಲಿ ಅಂತಲೇ ಬಂದಿದ್ದೇನೆ. ಆದರೆ ವೇಷ ಕುದುರೆಗೂ ಒಪ್ಪಬೇಕು.

ಮೊದಲ ವರ್ಷದ ಮಾತು ಹೇಳುತ್ತೇನೆ. ಆಗ ನಮ್ಮಲ್ಲಿ ಟಾಂಗಾಗಳಿದ್ದವು. ನಮ್ಮಪ್ಪ ಸ್ಟೇಷನ್ ಹತ್ತಿರದ ಒಬ್ಬ ಚಾಚಾನ ಕುದುರೆ ಗೊತ್ತು ಮಾಡಿದ್ದ. ನನ್ನ ಸೊಂಟಕ್ಕೆ ತಗಡಿನ ಕತ್ತಿ. ಕುದುರೆಗೆ ಜರಿಯ ಪರದೆ, ಹಣೆ ತುಂಬ ಕಾಗದದ ಹೂವು. ಬಜಾರಕ್ಕೆ ಬರುವಷ್ಟರಲ್ಲಿ ಯಾರೋ ಗುಲಾಲು ಎರಚಿದರು. ಕುದುರೆ ತಲೆ ಒಗೆಯಿತು, ಅಡ್ಡಡ್ಡ ಹೆಜ್ಜೆ ಇಟ್ಟಿತು. ಜನ "ಕುಣೀತೈತಿ, ಕುಣೀತೈತಿ!" ಅಂತ ಚಪ್ಪಾಳೆ ತಟ್ಟಿದರು. ನಾನೂ ಹಿಗ್ಗಿ ಕತ್ತಿ ಎತ್ತಿದೆ.

ಚಾಚಾ ಮೆರವಣಿಗೆ ನಿಲ್ಲಿಸಿಬಿಟ್ಟ. ನನ್ನನ್ನು ಇಳಿಸಿ, ಪರದೆ ಸರಿಸಿ ತೋರಿಸಿದ. ಒಂದೊಂದು ಹೆಜ್ಜೆಗೂ ಕತ್ತಿ ಬಡಿದೂ ಬಡಿದೂ ಪಕ್ಕೆಯಲ್ಲಿ ಕೆಂಪು ಗೆರೆ ಎದ್ದಿತ್ತು. ಹೆಗಲ ಮೇಲಿನ ಟವೆಲ್ ತೋಯಿಸಿ ಅದರ ಮೂಗು ಒರೆಸಿದ. "ಬೇಟಿ, ನೀ ರಾಣಿ ಆಗೂದು ಒಂದು ತಾಸು. ಇದು ನಾಳೆನೂ ಕುದುರೀನ," ಅಂದ. "ಅಲಂಕಾರ ಎಲ್ಲಾ ಹೋತಲ್ಲೋ" ಅಂತ ಜನ ಕೂಗುತ್ತಿದ್ದರೂ ಪರದೆ ಕಿತ್ತ, ಹೂವು ಕಿತ್ತ, ಕೇಸರ ಬಾಚಿ ಕೊರಳಿಗೆ ಒಂದೇ ಸರ ಗೆಜ್ಜೆ ಉಳಿಸಿದ. ಕತ್ತಿಯನ್ನು ನನ್ನ ಕೈಗೇ ಕೊಟ್ಟ. ಅಲ್ಲಿಂದ ಮುಂದೆ ಅದು ನಡೆದ ಠೀವಿ ನೋಡಬೇಕಿತ್ತು! ನನ್ನ ಕಡೆ ಒಬ್ಬರೂ ನೋಡಲಿಲ್ಲ. ಎಲ್ಲರ ಕಣ್ಣೂ ಕುದುರೆ ಮೇಲೆ.

ಕುದುರೆ ಉಸಿರಾಡುವುದು ಮೂಗಿನಿಂದ ಮಾತ್ರ, ನಮ್ಮಂತೆ ಬಾಯಿಂದ ಆಗುವುದಿಲ್ಲ. ಗುಲಾಲು, ಭಂಡಾರ ಎರಚುವ ಕೈಗಳು ಇದನ್ನು ನೆನಪಿಡಬೇಕು. ಅದರ ಕಣ್ಣು ತಲೆಯ ಎರಡು ಪಕ್ಕದಲ್ಲಿವೆ. ಸುತ್ತೆಲ್ಲ ಕಾಣುತ್ತದೆ, ಹಣೆಯ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ ಕಾಣದು. ಸೆಲ್ಫಿಗೆ ಹಿಂದಿನಿಂದ ಓಡಿ ಬರುವ ತಮ್ಮಂದಿರೇ, ಒದೆ ತಿಂದರೆ ತಪ್ಪು ಕುದುರೆಯದಲ್ಲ. ಕಡಿವಾಣ ಕೂರುವುದು ಮುಂದಿನ ಹಲ್ಲು ಮತ್ತು ದವಡೆ ಹಲ್ಲಿನ ನಡುವೆ, ಹಲ್ಲಿಲ್ಲದ ಮೆತ್ತನೆ ಒಸಡಿನ ಮೇಲೆ. ಫೋಟೊಗೆ ತಲೆ ಎತ್ತಲಿ ಅಂತ ಲಗಾಮು ಜಗ್ಗಿದರೆ ನೋವು ಅಲ್ಲಿಗೇ ಹೋಗುತ್ತದೆ.

ಹಾಗಾದರೆ ಅಲಂಕಾರವೇ ಬೇಡವಾ? ಬೇಕು, ಬೇಕೇ ಬೇಕು! ಕೃಷ್ಣದೇವರಾಯನ ಕಾಲದಲ್ಲಿ ಹಂಪಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್, ಮಹಾನವಮಿಯ ಕುದುರೆಗಳಿಗೆ ಬೆಳ್ಳಿಯ ಹಣೆಪಟ್ಟಿ, ರೇಷ್ಮೆಯ ಲಗಾಮು ಇದ್ದುದನ್ನು ಬರೆದಿಟ್ಟಿದ್ದಾನೆ. ಹಜಾರರಾಮ ಗುಡಿಯ ಹೊರಗೋಡೆ ನೋಡಿ: ಆನೆ, ಕುದುರೆ, ಕುಣಿಯುವವರು, ಸಾಲಿಗೆ ಸಾಲು. ಅಲ್ಲಿ ಕುದುರೆ ನಡೆಸುವ ಆಳನ್ನೂ ಕಲ್ಲಿನಲ್ಲಿ ಕಡೆದಿದ್ದಾರೆ. ನಮ್ಮ ಫೋಟೊಗಳಲ್ಲಿ ಅವನನ್ನು "ಸ್ವಲ್ಪ ಸರಿಯಪ್ಪ" ಅನ್ನುತ್ತೇವೆ. ನನ್ನ ಮೊದಲ ಫೋಟೊದಲ್ಲಿ ಚಾಚಾನ ಕೈಯಷ್ಟೇ ಇದೆ, ಲಗಾಮು ಹಿಡಿದ ಕೈ. ಅದು ನನ್ನನ್ನು ಈಗಲೂ ಕಾಡುತ್ತದೆ.

ಚೀಟಿ ಬಂತು, ಐದೇ ನಿಮಿಷವಂತೆ. ಡಿಜೆ ಬಗ್ಗೆ ಬಹಳ ಇತ್ತು. ಇಷ್ಟೇ ಹೇಳುತ್ತೇನೆ, ಕುದುರೆಯಿಂದ ದೂರ ಇಡಿ, ಪಟಾಕಿ ಬೇಡವೇ ಬೇಡ. ಡಾಂಬರು ಕಾಯುವ ಮುಂಚೆ ಮೆರವಣಿಗೆ ಮುಗಿಸಿ. ಲಾಳ ಕಟ್ಟಿದ ಗೊರಸು ನುಣುಪು ಸಿಮೆಂಟ್ ರಸ್ತೆಯಲ್ಲಿ ಜಾರುತ್ತದೆ, ತಿರುವಿನಲ್ಲಿ ನಿಧಾನ. ನಡುವೆ ನೀರು ಕುಡಿಸಿ. ಕುದುರೆಯವನಿಗೆ ಊಟ ಕೊಟ್ಟು, ಮಾತಾಡಿದ ದುಡ್ಡು ಅವತ್ತೇ ಕೊಡಿ.

ನಾಳೆ ಚೆನ್ನಮ್ಮ ಆಗುವ ಹುಡುಗಿ ಎಲ್ಲಿದ್ದೀ ಅವ್ವಾ? ಬಾ. ಕುದುರೆ ಹೊರಗೆ ಬೇವಿನ ಗಿಡದ ಕೆಳಗೆ ನಿಂತಿದೆ. ಎದುರಿಗೆ ಹೋಗಬೇಡ, ಪಕ್ಕದಿಂದ ಬಾ. ಮೊದಲು ಕೈ ಮೂಸಲು ಕೊಡೋಣ.