ಮೊದಲು ಗೆರೆ, ಆಮೇಲೆ ದೂರ: ಸೌತ್ ಡೌನ್ಸ್ ವೇ ಹಾದಿಗೆ ಸಿದ್ಧತೆ

ಕೇಳುಗರಿಗೆ ನಮಸ್ಕಾರ.

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ನಾಲ್ಕಾರು ದಿನ ನಡೆಯಬೇಕು, ಇಲ್ಲವೇ ಸೈಕಲ್ ತುಳಿಯಬೇಕು ಎಂದು ಹೊರಡುವವರು ಮೊದಲು ಕೇಳುವುದು, ಒಟ್ಟು ಎಷ್ಟು ಕಿಲೋಮೀಟರ್ ಎಂದು. ಆ ಪ್ರಶ್ನೆ ಸ್ವಲ್ಪ ಹೊತ್ತು ಕಾಯಲಿ. ನಕ್ಷೆಯ ಮೇಲೆ ನೀವು ಹಿಡಿಯಲಿರುವ ಗೆರೆ ಎಂಥದು, ಅದರ ಮೇಲೆ ನಿಮಗಿರುವ ಹಕ್ಕು ಯಾವುದು, ಅದು ಮೊದಲು ಗೊತ್ತಾಗಬೇಕು. ಏರು, ನೀರು, ರಾತ್ರಿಯ ತಂಗುದಾಣ ಎಲ್ಲವೂ ಅದರ ಬೆನ್ನಿಗೆ ಬರುವ ಲೆಕ್ಕಗಳು.

ಒಂದೇ ಹಾದಿಯನ್ನು ಹಿಡಿದು ಮಾತಾಡೋಣ. ದಕ್ಷಿಣ ಇಂಗ್ಲೆಂಡಿನ ವಿಂಚೆಸ್ಟರ್‌ನಿಂದ ಕಡಲತೀರದ ಈಸ್ಟ್‌ಬರ್ನ್‌ವರೆಗೆ, ಸುಣ್ಣಕಲ್ಲಿನ ದಿಬ್ಬಗಳ ನೆತ್ತಿ ಹಿಡಿದು ಸಾಗುವ ಹಾದಿಗೆ ಸೌತ್ ಡೌನ್ಸ್ ವೇ ಎಂದು ಹೆಸರು. ಉದ್ದ 160 ಕಿಲೋಮೀಟರ್, ಅಲ್ಲಿಯವರ ಲೆಕ್ಕಕ್ಕೆ 100 ಮೈಲಿ. ಅಲ್ಲಿ ರಾಷ್ಟ್ರೀಯ ಹಾದಿ ಎಂದು ಗುರುತಿಸಿದ ಉದ್ದ ಹಾದಿಗಳಲ್ಲಿ ಇದೂ ಒಂದು. 1965ರಲ್ಲಿ ತೆರೆದ ಮೊದಲ ರಾಷ್ಟ್ರೀಯ ಹಾದಿ ಪೆನೈನ್ ವೇ ಮುಖ್ಯವಾಗಿ ನಡೆಯುವವರದು. ಸೌತ್ ಡೌನ್ಸ್ ವೇ ಹಾಗಲ್ಲ, ಈ ತುದಿಯಿಂದ ಆ ತುದಿಯವರೆಗೆ ನಡೆಯುವವರಿಗೂ ಸೈಕಲಿನವರಿಗೂ ಕುದುರೆ ಸವಾರರಿಗೂ ತೆರೆದಿದೆ. ಲಂಡನ್ನಿನ ವಾಟರ್ಲೂ ನಿಲ್ದಾಣದಿಂದ ವಿಂಚೆಸ್ಟರಿಗೆ ರೈಲಿನಲ್ಲಿ ಸುಮಾರು ಒಂದು ಗಂಟೆ. ಲಂಡನ್ನಿನ ಸುತ್ತಮುತ್ತ ನೆಲೆಸಿದ ಕನ್ನಡಿಗರಿಗೆ ಮೊದಲ ಉದ್ದ ಪಯಣಕ್ಕೆ ಇದಕ್ಕಿಂತ ಒಳ್ಳೆಯ ಹಾದಿ ಸಿಗುವುದು ಕಷ್ಟ.

ನಕ್ಷೆ ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯದೇ ಆಗಲಿ. ಅದರಲ್ಲಿ ಎರಡು ಸರಣಿಗಳಿವೆ. ಗುಲಾಬಿ ಹೊದಿಕೆಯ ಲ್ಯಾಂಡ್‌ರೇಂಜರ್ 1:50,000 ಪ್ರಮಾಣದ್ದು, ಅಂದರೆ ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರ್. ಚಾರಣಕ್ಕಾಗಿ ಸರ್ವೆ ಆಫ್ ಇಂಡಿಯಾದ ಟೋಪೋಶೀಟ್ ನೋಡಿದವರಿಗೆ ಈ ಅಳತೆ ಹೊಸದಲ್ಲ. ಕಿತ್ತಳೆ ಹೊದಿಕೆಯ ಎಕ್ಸ್‌ಪ್ಲೋರರ್ 1:25,000 ಪ್ರಮಾಣದ್ದು, ನಾಲ್ಕು ಸೆಂಟಿಮೀಟರಿಗೆ ಒಂದು ಕಿಲೋಮೀಟರ್. ಇಡೀ ಪಯಣದ ರೂಪುರೇಷೆಗೆ ಲ್ಯಾಂಡ್‌ರೇಂಜರ್ ಸಾಕು. ಈ ಹಾದಿಗೆ 185, 197, 198, 199 ಎಂಬ ನಾಲ್ಕು ಹಾಳೆಗಳು. ನಡೆಯುವವರು ಮಾತ್ರ ಎಕ್ಸ್‌ಪ್ಲೋರರ್ ಹಿಡಿಯಲೇಬೇಕು. ಹೊಲದ ಬೇಲಿಗಳನ್ನೂ ಗೋಡೆಗಳನ್ನೂ ತೋರಿಸುವುದು ಅದೊಂದೇ. ಕಾಲುದಾರಿ ಬೇಲಿಯ ಎಡಕ್ಕೋ ಬಲಕ್ಕೋ ಎಂಬುದು ಅಲ್ಲಿ ದೊಡ್ಡ ಪ್ರಶ್ನೆ. ತಪ್ಪಿದರೆ ಹೊಲದ ಆಚೆ ತುದಿಯಲ್ಲಿ ಗೇಟೇ ಇರುವುದಿಲ್ಲ, ಹಿಂದಕ್ಕೆ ಬರಬೇಕು. ಕಾಗದದ ನಕ್ಷೆ ಕೊಂಡರೆ ಅದನ್ನೇ ಮೊಬೈಲಿಗೆ ಇಳಿಸಿಕೊಳ್ಳುವ ಕೋಡ್ ಒಳಗಿರುತ್ತದೆ. ದಿಬ್ಬಗಳ ಮಗ್ಗುಲಲ್ಲಿ ಸಿಗ್ನಲ್ ಹೋಗುತ್ತದೆ, ಆದ್ದರಿಂದ ಮನೆಯಲ್ಲೇ ಇಳಿಸಿಕೊಳ್ಳಿ.

ಇನ್ನು ಗೆರೆಯ ವಿಷಯ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಖಾಸಗಿ ಹೊಲಗದ್ದೆಗಳ ನಡುವೆ ಹಾಯುವ ಸಾರ್ವಜನಿಕ ದಾರಿಗಳು ಕಾನೂನಿನ ದಾಖಲೆಯಲ್ಲಿವೆ. 1949ರ ಕಾಯ್ದೆಯಂತೆ ಸ್ಥಳೀಯ ಆಡಳಿತಗಳು ಅಧಿಕೃತ ನಕ್ಷೆ ಇಟ್ಟಿರುತ್ತವೆ. ಅದರಿಂದ ಬಂದ ಗೆರೆಗಳು ಎಕ್ಸ್‌ಪ್ಲೋರರ್‌ನಲ್ಲಿ ಹಸಿರು ಬಣ್ಣದಲ್ಲಿ ಕಾಣುತ್ತವೆ. ಚಿಕ್ಕ ಚಿಕ್ಕ ತುಂಡುಗಳ ಗೆರೆ ಫುಟ್‌ಪಾತ್, ಅಂದರೆ ನಡೆಯುವವರದು ಮಾತ್ರ. ಉದ್ದ ತುಂಡುಗಳ ಗೆರೆ ಬ್ರೈಡಲ್‌ವೇ, ಕುದುರೆ ದಾರಿ. 1968ರ ಕಂಟ್ರಿಸೈಡ್ ಕಾಯ್ದೆ ಕುದುರೆ ದಾರಿಯಲ್ಲಿ ಸೈಕಲಿಗೂ ಹಕ್ಕು ಕೊಟ್ಟಿತು. ಅದಕ್ಕೊಂದು ಷರತ್ತಿದೆ: ನಡೆಯುವವರಿಗೂ ಕುದುರೆಯವರಿಗೂ ಸೈಕಲಿನವರೇ ದಾರಿ ಬಿಡಬೇಕು. ಇವಕ್ಕಿಂತ ಹೆಚ್ಚಿನ ಹಕ್ಕಿರುವ ದಾರಿಗಳು ಬೈವೇಗಳು, ಕೆಲವಕ್ಕೆ ಮೋಟಾರು ವಾಹನವೂ ಬರಬಹುದು. ನೆಲದ ಮೇಲೆ ಕಂಬಗಳಿಗೆ ಬಡಿದ ಬಾಣಗಳ ಬಣ್ಣವೂ ಇದನ್ನೇ ಹೇಳುತ್ತದೆ: ಫುಟ್‌ಪಾತಿಗೆ ಹಳದಿ, ಕುದುರೆ ದಾರಿಗೆ ನೀಲಿ, ಮೋಟಾರು ಬರುವ ಬೈವೇಗೆ ಕೆಂಪು. ಜೊತೆಗೆ ಓಕ್ ಮರದ ಕಾಯಿಯ ಚಿತ್ರವಿದ್ದರೆ ಅದು ರಾಷ್ಟ್ರೀಯ ಹಾದಿ.

ಸೈಕಲಿನವರು ಎಡವುವುದು ಇಲ್ಲಿಯೇ. ಫೋನಿನ ಆ್ಯಪ್ ಅತಿ ಹತ್ತಿರದ ದಾರಿ ಹುಡುಕುವಾಗ ಫುಟ್‌ಪಾತ್ ಮೇಲೂ ಗೆರೆ ಎಳೆದುಬಿಡುತ್ತದೆ. ಅಲ್ಲಿ ಸೈಕಲ್ ತುಳಿಯುವುದು ಸಾಮಾನ್ಯವಾಗಿ ಅಪರಾಧವಲ್ಲವಾದರೂ ಜಮೀನಿನವರ ಆಸ್ತಿಯೊಳಗೆ ಅತಿಕ್ರಮಣ; ಮೇಲಾಗಿ ಪ್ರತಿ ಬೇಲಿಗೂ ಹತ್ತಿ ದಾಟುವ ಮರದ ಮೆಟ್ಟಿಲು ಎದುರಾಗಬಹುದು. ಸಾಮಾನು ತುಂಬಿದ ಸೈಕಲನ್ನು ಎಷ್ಟು ಸಲ ಎತ್ತುವಿರಿ? ಇನ್ನೊಂದು ಬಲೆ, ನಕ್ಷೆಯಲ್ಲಿ ಬಣ್ಣವಿಲ್ಲದೆ ಬಿಳಿಯಾಗಿ ಕಾಣುವ ದಾರಿಗಳು. ಅಂಥದು ತೋಟದ ಮನೆಯ ಖಾಸಗಿ ರಸ್ತೆಯಾಗಿರಬಹುದು. ಅದರ ಮೇಲೆ ಹಸಿರು ತುಂಡುಗೆರೆಯೋ ಹಸಿರು ಚುಕ್ಕೆಗಳೋ ಇಲ್ಲದಿದ್ದರೆ ಯೋಜನೆಯಿಂದ ಕೈಬಿಡಿ. ಆ್ಯಪ್ ಎಳೆದ ಗೆರೆಯನ್ನು ಸರ್ವೆ ನಕ್ಷೆಯ ಮೇಲೆ ಹರಡಿ, ಬೆರಳಿಟ್ಟು ಆದ್ಯಂತ ಓದಿ. ಒಂದು ಸಂಜೆಯ ಕೆಲಸ. ಸ್ಕಾಟ್ಲೆಂಡಿನ ಕಾನೂನು ಬೇರೆ: 2003ರ ಭೂಸುಧಾರಣಾ ಕಾಯ್ದೆ ಅಲ್ಲಿ ಜವಾಬ್ದಾರಿಯಿಂದ ನಡೆಯಲು, ಸೈಕಲ್ ತುಳಿಯಲು ಬಹುತೇಕ ಎಲ್ಲ ನೆಲದ ಮೇಲೂ ಹಕ್ಕು ಕೊಟ್ಟಿದೆ. ಆದ್ದರಿಂದ ಅಲ್ಲಿಯ ಹಾಳೆಗಳಲ್ಲಿ ಈ ಹಸಿರು ಹಕ್ಕಿನ ಗೆರೆಗಳನ್ನು ಹುಡುಕಬೇಡಿ.

ಈಗ ದೂರಕ್ಕೆ ಬರೋಣ. ನಡೆಯುವವರಿಗೆ 1892ರಿಂದ ಬಳಕೆಯಲ್ಲಿರುವ ನೇಸ್ಮಿತ್ ಸೂತ್ರ ಇಂದಿಗೂ ಕೆಲಸಕ್ಕೆ ಬರುತ್ತದೆ. ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಸೌತ್ ಡೌನ್ಸ್ ವೇ ಮೇಲೆ ಒಟ್ಟು ಏರು ಸುಮಾರು 4,000 ಮೀಟರ್. ಹಾದಿಯ ಅತಿ ಎತ್ತರದ ಬಟ್ಸರ್ ಹಿಲ್ ಕೇವಲ 270 ಮೀಟರ್ ಎಂದು ಕೇಳಿ ಹಗುರವಾಗಿ ಎಣಿಸಬೇಡಿ. ಐದು ನದಿ ಕಣಿವೆಗಳಿಗೆ ಇಳಿದಿಳಿದು ಹತ್ತಬೇಕು. 160 ಕಿಲೋಮೀಟರಿಗೆ 32 ಗಂಟೆ, ಏರಿಗೆ ಏಳು ಗಂಟೆಗೆ ಹತ್ತಿರ, ಒಟ್ಟು 39. ಸೂತ್ರದಲ್ಲಿ ಊಟವಿಲ್ಲ, ದಣಿವಿಲ್ಲ, ಬೆನ್ನಿನ ಚೀಲವಿಲ್ಲ. ಆದ್ದರಿಂದ ಮೂರನೇ ಒಂದು ಭಾಗ ಸೇರಿಸಿ: 52 ಗಂಟೆ. ಎಂಟು ದಿನಕ್ಕೆ ಹಂಚಿದರೆ ದಿನಕ್ಕೆ ಆರೂವರೆ ಗಂಟೆ, 20 ಕಿಲೋಮೀಟರ್. ಇದು ನಿಭಾಯಿಸಬಹುದಾದ ಲೆಕ್ಕ.

ಸೈಕಲಿಗೆ ಏರು ಎಷ್ಟು ಕಡಿದು ಎಂಬುದು ಮುಖ್ಯ. ಲ್ಯಾಂಡ್‌ರೇಂಜರ್‌ನಲ್ಲಿ ಸಮೋನ್ನತ ರೇಖೆಗಳ, ಅಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳ ನಡುವೆ ಎತ್ತರದಲ್ಲಿ 10 ಮೀಟರ್ ಅಂತರ. ದಾರಿಯ ಒಂದು ಸೆಂಟಿಮೀಟರ್ ಉದ್ದದಲ್ಲಿ ಐದು ರೇಖೆ ದಾಟಿದರೆ 500 ಮೀಟರಿನಲ್ಲಿ 50 ಮೀಟರ್ ಏರಿದಂತೆ, ಶೇಕಡಾ 10. ಗಂಟುಮೂಟೆ ಹೊತ್ತ ಸೈಕಲಿಗೆ ಒರಟು ನೆಲದಲ್ಲಿ ಅಷ್ಟು ಏರು ಬಂದರೆ ಬಹಳಷ್ಟು ಜನ ಇಳಿದು ತಳ್ಳುತ್ತಾರೆ. ಡಾಂಬರು ರಸ್ತೆಯ ಮೇಲೆ ಒಂದು ಬಾಣದ ಗುರುತಿದ್ದರೆ ಶೇಕಡಾ 14ರಿಂದ 20, ಎರಡು ಬಾಣವಿದ್ದರೆ ಅದಕ್ಕಿಂತ ಕಡಿದು. ಬಾಣದ ಮೊನೆ ಇಳಿಜಾರಿನ ಕಡೆಗಿರುತ್ತದೆ. ಡಾಂಬರಿನ ಮೇಲೆ ಗಂಟೆಗೆ 16 ಕಿಲೋಮೀಟರ್ ಹೋಗುವವರು ಈ ಹಾದಿಯಲ್ಲಿ ಗಂಟೆಗೆ 10 ಎಂದು ಇಟ್ಟುಕೊಳ್ಳಲಿ; ದಾರಿಯುದ್ದಕ್ಕೂ ಗೇಟು ತೆರೆದು ಮುಚ್ಚುವುದಕ್ಕೇ ಸಮಯ ಹೋಗುತ್ತದೆ. ಮೂರು ದಿನ ನೆಮ್ಮದಿಯ ಲೆಕ್ಕ. ಎರಡು ದಿನ ಗಟ್ಟಿಗರಿಗೆ.

ಈ ಬೆಟ್ಟಸಾಲಿನ ಗುಣವೆಲ್ಲ ಅದರ ಕಲ್ಲಿನಲ್ಲಿದೆ. ಚಾಕ್ ಎಂಬ ಆ ಮೆತ್ತನೆಯ ಬಿಳಿ ಸುಣ್ಣಕಲ್ಲು ಮಳೆನೀರನ್ನು ಕೆಳಕ್ಕೆ ಹೀರಿಬಿಡುತ್ತದೆ. ನೆತ್ತಿಯ ಮೇಲೆ ಹಳ್ಳವಿಲ್ಲ, ತೊರೆಯಿಲ್ಲ. ನೀರು ಬುಡದಲ್ಲಿ ಊಟೆಯಾಗಿ ಹೊರಬರುತ್ತದೆ, ಹಳೆಯ ಊರುಗಳೆಲ್ಲ ಅಲ್ಲಿಯೇ ಕಟ್ಟಿಕೊಂಡಿವೆ. ಇದರಿಂದ ಎರಡು ಪರಿಣಾಮ. ಒಂದು, ಕುಡಿಯುವ ನೀರು ಹೊತ್ತೇ ಹೋಗಬೇಕು: ಬೇಸಿಗೆಯಲ್ಲಿ ಒಬ್ಬರಿಗೆ ಎರಡರಿಂದ ಮೂರು ಲೀಟರ್. ದಾರಿಯಲ್ಲಿ ಅಲ್ಲಲ್ಲಿ ನಲ್ಲಿಗಳಿವೆ. ಏಡರ್ ನದಿಯ ಸೇತುವೆ ಬಳಿ ಬೊಟೊಲ್ಫ್ಸ್‌ನಲ್ಲಿ ಒಂದು, ಸ್ಯಾಡಲ್ಸ್‌ಕೂಂಬ್ ತೋಟದಲ್ಲಿ ಒಂದು. ಹೊರಡುವ ಮುನ್ನ ಎಲ್ಲವನ್ನೂ ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಿ. ಎರಡು, ರಾತ್ರಿ ಮಲಗಲು ಬುಡಕ್ಕೆ ಇಳಿಯಲೇಬೇಕು. ಹಾಸಿಗೆ ಹಾದಿಯಿಂದ ಎರಡು ಕಿಲೋಮೀಟರ್ ದೂರವಿದ್ದರೆ ಹೋಗಿಬರಲು ನಾಲ್ಕು, ಬೆಳಿಗ್ಗೆ 150 ಮೀಟರ್ ಹೆಚ್ಚಿನ ಏರು. ವೇಳಾಪಟ್ಟಿ ಕೆಡುವುದು ಬಹುಪಾಲು ಇದನ್ನು ಲೆಕ್ಕಕ್ಕೆ ತಗೊಳ್ಳದೆ.

ಚಾಕಿನೊಳಗೆ ಚಕಮಕಿ ಕಲ್ಲಿನ ಗಂಟುಗಳಿವೆ. ಒಡೆದ ಅಂಚು ಗಾಜಿನಂತೆ ಹರಿತ, ತೆಳ್ಳಗಿನ ಟೈರನ್ನು ಸೀಳುತ್ತದೆ. ಕನಿಷ್ಠ 40 ಮಿಲಿಮೀಟರ್ ಅಗಲದ ಟೈರು, ಎರಡು ಹೊಸ ಟ್ಯೂಬು, ಪ್ಯಾಚ್, ಪಂಪು, ಸೀಳಿದ ಟೈರಿನ ಒಳಗಿಡಲು ಹಳೇ ಟೈರಿನ ಒಂದು ತುಂಡು ಜೊತೆಗಿರಲಿ. ಮಳೆ ಬಿದ್ದರೆ ಚಾಕ್ ಸಾಬೂನಿನಂತೆ ಜಾರುತ್ತದೆ. ಇಳಿಜಾರಿನಲ್ಲಿ ಮುಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿದವರು ಬೀಳುತ್ತಾರೆ. ಆ ಬಿಳಿ ಕೆಸರು ಬ್ರೇಕಿಗೂ ಚೈನಿಗೂ ಮೆತ್ತಿಕೊಂಡು ಗಟ್ಟಿಯಾಗುವುದರಿಂದ ದಿನದ ಕೊನೆಗೆ ತೊಳೆದು ಎಣ್ಣೆ ಹಾಕಬೇಕು. ನವೆಂಬರಿನಿಂದ ಮಾರ್ಚ್‌ವರೆಗೆ ಈ ಹಾದಿಯನ್ನು ಸೈಕಲಿನವರು ಬಿಟ್ಟುಬಿಡುವುದೇ ಒಳ್ಳೆಯದು. ಡಿಸೆಂಬರಿನಲ್ಲಿ ನಾಲ್ಕು ಗಂಟೆಯ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಜೂನಿನಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕು. ಗಾಳಿ ಹೆಚ್ಚಾಗಿ ನೈರುತ್ಯದಿಂದ ಬೀಸುವುದರಿಂದ ವಿಂಚೆಸ್ಟರ್‌ನಿಂದ ಪೂರ್ವಕ್ಕೆ ಹೊರಟರೆ ಬೆನ್ನಿಗೆ ಗಾಳಿ.

ತಂಗುದಾಣವನ್ನು ಮೊದಲೇ ಕಾಯ್ದಿರಿಸಿ. ಬೇಸಿಗೆಯ ಶನಿವಾರ ಒಂದೇ ರಾತ್ರಿಗೆ ಕೋಣೆ ಕೊಡಲು ಒಪ್ಪದ ಮನೆಗಳಿವೆ. ಅದಕ್ಕೇ ವಾರದ ನಡುವೆ ಹೊರಡುವುದು ಜಾಣತನ. ಇಂಗ್ಲೆಂಡಿನಲ್ಲಿ ಡಾರ್ಟ್‌ಮೂರ್‌ನ ಕೆಲವು ಭಾಗ ಬಿಟ್ಟರೆ ಬೇರೆಡೆ ಜಮೀನಿನವರ ಅನುಮತಿಯಿಲ್ಲದೆ ಡೇರೆ ಹಾಕುವ ಹಕ್ಕಿಲ್ಲ. ಹಳ್ಳಿಯ ಪಬ್ಬುಗಳಲ್ಲಿ ಅಡುಗೆಮನೆ ಮಧ್ಯಾಹ್ನ ಎರಡರ ಸುಮಾರಿಗೆ ಮುಚ್ಚಿ ಸಂಜೆ ಆರಕ್ಕೆ ತೆರೆಯುವುದು ಸಾಮಾನ್ಯ. ಮೂರು ಗಂಟೆಗೆ ಹಸಿದು ತಲುಪಿದರೆ ಚಿಪ್ಸ್ ಪೊಟ್ಟಣವೇ ಗತಿ, ಆದ್ದರಿಂದ ಒಂದು ಹೊತ್ತಿನ ಬುತ್ತಿ ಚೀಲದಲ್ಲೇ ಇರಲಿ.

ಹೊಲಗಳ ಬಗ್ಗೆ ಒಂದು ಮಾತು. ಹೊಲದ ನಡುವೆ ಹಾಯುವ ದಾರಿಯನ್ನು ರೈತರು ಉಳಬಹುದು, ಆದರೆ 14 ದಿನದೊಳಗೆ ಮತ್ತೆ ನಡೆಯುವಂತೆ ಮಾಡಿಕೊಡಬೇಕೆಂದು 1990ರ ಕಾಯ್ದೆ ಹೇಳುತ್ತದೆ. ದಾರಿಗೆ ಅಡ್ಡ ಬೇಲಿ ಕಂಡರೆ ಫೋಟೊ ಮತ್ತು ನಕ್ಷೆಯ ಚೌಕಗಳಿಂದ ಜಾಗ ಹೇಳುವ ಗ್ರಿಡ್ ಸಂಖ್ಯೆಯೊಂದಿಗೆ ಕೌಂಟಿ ಕೌನ್ಸಿಲ್ಲಿಗೆ ತಿಳಿಸಿ. ಇದನ್ನು ದಯವಿಟ್ಟು ಮಾಡಿ. ದೂರು ಬಂದರೇ ಅಡ್ಡಿ ತೆಗೆಸುವ ಕೆಲಸ ಶುರುವಾಗುವುದು. ಗ್ರಿಡ್ ಸಂಖ್ಯೆಯಲ್ಲಿ ಎರಡು ಅಕ್ಷರ, ಆರು ಅಂಕಿ. ಅಷ್ಟು ಹೇಳಿದರೆ 100 ಮೀಟರ್ ಚೌಕದೊಳಗೆ ಜಾಗ ಸಿಗುತ್ತದೆ. ಅಕ್ಷರ ಬಿಡಬೇಡಿ: ಈ ಹಾದಿ ಎಸ್‌ಯು, ಟಿಕ್ಯು, ಟಿವಿ ಎಂಬ ಚೌಕಗಳನ್ನು ದಾಟುತ್ತದೆ, ಅದೇ ಅಂಕಿಗಳು ಪಕ್ಕದ ಚೌಕದಲ್ಲೂ ಇರುತ್ತವೆ. ಅಪಘಾತವಾಗಿ 999ಕ್ಕೆ ಕರೆ ಮಾಡಿದಾಗಲೂ ಇದೇ ಸಂಖ್ಯೆ ಹೇಳಿ. ಕರು ಇರುವ ಹಸುಗಳ ಹಿಂಡು ಎದುರಾದರೆ ದೂರದಿಂದ ಬಳಸಿ ಹೋಗಿ.

ಹಾದಿ ಬಿಟ್ಟು ಬರುವ ದಾರಿಯೂ ಯೋಜನೆಯ ಭಾಗ. ಅರ್ಧದ ಹತ್ತಿರ ಆಂಬರ್ಲಿ ನಿಲ್ದಾಣ, ಮುಂದೆ ಸೌತೀಸ್ ನಿಲ್ದಾಣ ಹಾದಿಗೆ ತಾಗಿಯೇ ಇವೆ. ಕಾಲು ಉಳುಕಿದರೆ, ಸ್ಪೋಕು ಮುರಿದರೆ ಅಲ್ಲಿಂದ ರೈಲು ಹಿಡಿಯಬಹುದು. ಕೊನೆಯ ದಿನ ಆಲ್ಫ್ರಿಸ್ಟನ್ ಊರಿನಲ್ಲಿ ಹಾದಿ ಎರಡಾಗುತ್ತದೆ. ಸೆವೆನ್ ಸಿಸ್ಟರ್ಸ್ ಬಿಳಿ ಕಡಿಬಂಡೆಗಳ ಮೇಲೆ ಬೀಚಿ ಹೆಡ್ ಕಡೆಗೆ ಹೋಗುವುದು ನಡೆಯುವವರದು. ಸೈಕಲಿನವರು ನೀಲಿ ಬಾಣ ನೋಡಿ ಜೆವಿಂಗ್ಟನ್ ಮೇಲೆ ಒಳನಾಡಿನಿಂದ ಹೋಗಬೇಕು. ನಡೆಯುವವರು ಕೊನೆಯ ದಿನಕ್ಕೆ ಕಡಿಮೆ ದೂರ ಇಟ್ಟುಕೊಳ್ಳಲಿ; ಆ ಏಳು ದಿಬ್ಬಗಳ ಏರಿಳಿತ ಕಾಲಿನ ಉಳಿದ ಶಕ್ತಿಯನ್ನು ಹೀರುತ್ತದೆ. ಈಸ್ಟ್‌ಬರ್ನ್‌ನಿಂದ ಲಂಡನ್ ವಿಕ್ಟೋರಿಯಾಕ್ಕೆ ನೇರ ರೈಲಿದೆ. ಮಡಚಲಾಗದ ಸೈಕಲನ್ನು ಜನಸಂದಣಿಯ ಹೊತ್ತಿನಲ್ಲಿ ಹತ್ತಿಸಿಕೊಳ್ಳುವುದಿಲ್ಲ, ಹಾಗಾಗಿ ಟಿಕೆಟ್ ಕೊಳ್ಳುವ ಮುನ್ನ ಆ ದಿನದ ನಿರ್ಬಂಧದ ಸಮಯ ನೋಡಿಕೊಳ್ಳಿ. ನಮಸ್ಕಾರ.